ಕಸದ ರಾಶಿಯ ಎದುರು ಮನೆ

ನನಗೆ ವಹಿಸಿದ್ದ ಕೆಲಸ ಬಹಳ ಸಣ್ಣದು. ಒಂದು ಆಕ್ಸಿಜನ್ ಯಂತ್ರವನ್ನು ನಮ್ಮ ಮನೆಯಿಂದ ಒಂದೂವರೆ ಕಿಲೋಮೀಟರ್ ಆಚೆಯ ಇನ್ನೊಂದು ಮನೆಗೆ ತಲುಪಿಸಬೇಕಿತ್ತು. ಅಷ್ಟೇ! ಸರ್ಕಾರಿ ಕಾರ್ಖಾನೆಯ ಸ್ಟೋರ್ಸ್ ವಿಭಾಗದಲ್ಲಿ ಮೂವತ್ತೆರಡು ವರ್ಷ ದುಡಿದು, ದಾಖಲೆಯಿಲ್ಲದೆ ಒಂದು ನಟ್ಟು ಕೂಡ ಗೇಟು ದಾಟದಂತೆ ನೋಡಿಕೊಂಡ ನನಗೆ ಇದೂ ಒಂದು ಕೆಲಸವೇ? ಹೋಗುವುದಕ್ಕೆ ಹತ್ತು ನಿಮಿಷ, ಬರುವುದಕ್ಕೆ ಹತ್ತು ನಿಮಿಷ. ಕಾಫಿ ಹೊತ್ತಿಗೆ ಮನೆಯಲ್ಲಿರುತ್ತೇನೆ ಎಂದು ಹೆಂಡತಿಗೆ ಹೇಳಿ ಹೊರಟೆ.

ಈ ಆತ್ಮವಿಶ್ವಾಸವೇ ಅಂದಿನ ಮೊದಲ ಅನಾಹುತ.

ಮೊದಲು ನಮ್ಮ ಬಳಗದ ಪರಿಚಯ ಮಾಡಿಕೊಡುತ್ತೇನೆ. ಪೀಣ್ಯದ ಪಕ್ಕದ ರಾಜಗೋಪಾಲನಗರದಲ್ಲಿ ನಾವೊಂದಿಷ್ಟು ಜನ ಸೇರಿ ಕಟ್ಟಿಕೊಂಡ ಸಂಘ ಅದು. ಹೆಸರು ಬೀದಿ ಬಳಗ. ರಸ್ತೆಯಲ್ಲಿ ಗುಂಡಿ ಬಿದ್ದರೆ, ದೀಪ ಉರಿಯದಿದ್ದರೆ, ಮೋರಿ ಕಟ್ಟಿಕೊಂಡರೆ ಜನ ನಮಗೆ ಹೇಳುತ್ತಿದ್ದರು. ನಾವು ಫೋಟೋ ತೆಗೆದು, ಅರ್ಜಿ ತುಂಬಿ, ವಾರ್ಡ್ ಕಚೇರಿಯವರ ಬೆನ್ನು ಹತ್ತುತ್ತಿದ್ದೆವು. ಕೆಲಸ ಆದ ಮೇಲೆ ಅದೇ ಜಾಗದಲ್ಲಿ ಇನ್ನೊಂದು ಫೋಟೋ. ಆ ಎರಡನೇ ಫೋಟೋ ಕೈಗೆ ಬಂದ ಕೂಡಲೇ ನಾನು ರಿಜಿಸ್ಟರಿನಲ್ಲಿ ‘ಮುಗಿಯಿತು’ ಎಂದು ಕೆಂಪು ಮೊಹರು ಒತ್ತುತ್ತಿದ್ದೆ. ಮೊಹರು ನನ್ನದೇ ಆಲೋಚನೆ. ಅರ್ಜಿಯೂ ನನ್ನದೇ. ಬಿಳಿ, ಗುಲಾಬಿ, ಹಳದಿ ಎಂದು ಮೂರು ಪ್ರತಿ, ನಡುವೆ ಕಾರ್ಬನ್ ಹಾಳೆ. ಬಿಳಿಯದು ಬಳಗಕ್ಕೆ, ಗುಲಾಬಿ ದೂರು ಕೊಟ್ಟವರಿಗೆ, ಹಳದಿ ನನ್ನ ಮನೆಯ ಕಡತಕ್ಕೆ.

ಆ ಅರ್ಜಿಯಲ್ಲಿ ಮೊದಲು ಫೋನ್ ನಂಬರಿನ ಕಾಲಂ ಇತ್ತು. ಅದನ್ನು ತೆಗೆಸಿದವನೂ ನಾನೇ. ನಂಬರು ಬರೆದುಕೊಂಡರೆ, ಯಾಕೆ ವಾಪಸ್ ಫೋನ್ ಮಾಡಲಿಲ್ಲ ಎಂದು ಜನ ಜಗಳಕ್ಕೆ ಬರುತ್ತಿದ್ದರು. ಬರೆದುಕೊಳ್ಳದಿದ್ದರೆ ಆ ರಗಳೆಯೇ ಇಲ್ಲ! ಖಾಲಿಯಾದ ಜಾಗದಲ್ಲಿ ‘ಸಮಸ್ಯೆಗೆ ಕಾರಣರಾದವರು’ ಎಂಬ ಹೊಸ ಕಾಲಂ ಹಾಕಿಸಿದೆ. ನೋಡುವುದಕ್ಕೆ ಗಂಭೀರವಾಗಿತ್ತು.

ಬಳಗದಲ್ಲಿ ನನ್ನ ಅತಿ ದೊಡ್ಡ ಸಾಧನೆ ಯಾವುದೆಂದರೆ, ಲೇತ್ ಶೆಡ್ಡುಗಳ ಹಿಂದಿನ ಬೀದಿಯಲ್ಲಿದ್ದ ಕಸದ ರಾಶಿಯನ್ನು ತೆಗೆಸಿದ್ದು. ಆಳೆತ್ತರದ ರಾಶಿ. ಎಷ್ಟು ವರ್ಷದಿಂದ ಇತ್ತೋ ಯಾರಿಗೂ ನೆನಪಿರಲಿಲ್ಲ. ಹನ್ನೊಂದು ತಿಂಗಳು ಅರ್ಜಿಯ ಮೇಲೆ ಅರ್ಜಿ ಗುಜರಾಯಿಸಿ ಅದನ್ನು ಎತ್ತಿಸಿದೆ. ಅದರ ಹಿಂದಿನ ಗೋಡೆಗೆ ಸುಣ್ಣ ಹೊಡೆಸಿ, ಗರಿ ಬಿಚ್ಚಿದ ನವಿಲೊಂದನ್ನು ಬರೆಸಿ, ಮುಂದೆ ಒಂದು ಕಲ್ಲುಬೆಂಚು ಹಾಕಿಸಿದೆವು. ನವಿಲಿನ ಪಕ್ಕ ಪೊರಕೆ ಹಿಡಿದು ನಿಂತಿರುವ ನನ್ನ ಫೋಟೋಗೆ ಕಟ್ಟು ಹಾಕಿಸಿ ನಡುಮನೆಯಲ್ಲಿ ತೂಗುಹಾಕಿದ್ದೇನೆ. ದೇವರ ಫೋಟೋಗಿಂತ ಅದು ದೊಡ್ಡದಾಯಿತೆಂದು ನನ್ನ ಹೆಂಡತಿ ಸರೋಜಾ ಇವತ್ತಿಗೂ ಆಕ್ಷೇಪಣೆ ಎತ್ತುತ್ತಾಳೆ.

ಆಮೇಲೆ ಕೊರೋನಾ ಬಂತು. ರಸ್ತೆಯಲ್ಲಿ ಜನವೇ ಇಲ್ಲದ ಮೇಲೆ ಗುಂಡಿಗೆ ಬೀಳುವವರು ಯಾರು? ಫೋನುಗಳು ಬರುತ್ತಲೇ ಇದ್ದವು, ಕೇಳುವುದು ಮಾತ್ರ ಬೇರೆಯಾಯಿತು. ಶೆಡ್ಡು ಮುಚ್ಚಿದೆ, ಅಕ್ಕಿ ಇಲ್ಲ. ಅಮ್ಮನ ಸಕ್ಕರೆ ಕಾಯಿಲೆ ಮಾತ್ರೆ ಮುಗಿದಿದೆ. ಆಸ್ಪತ್ರೆಯಲ್ಲಿ ಹಾಸಿಗೆ ಎಲ್ಲಿ ಸಿಗುತ್ತದೆ? ಬಳಗವನ್ನು ನಡೆಸುತ್ತಿದ್ದವರು ಶೈಲಜಾ ಮೇಡಂ, ಹೈಸ್ಕೂಲಿನ ಗಣಿತದ ಟೀಚರು. ಒಂದು ಸಂಜೆ ಎಲ್ಲರನ್ನೂ ಫೋನಿನಲ್ಲೇ ಕೂಡಿಸಿ ಹೇಳಿದರು. “ಪ್ರತಿ ಬೀದೀಲೂ ನಮ್ಮೋರು ಒಬ್ರು ಇದ್ದಾರೆ. ಗುಂಡಿ ಹುಡುಕ್ತಿದ್ದ ಕಾಲಲ್ಲೇ ಔಷಧಿ ತಲುಪಿಸೋಣ. ಎಲ್ಲಾರೂ ಸ್ವಲ್ಪ ಬದಲಾಗೋಣ.”

ಎಲ್ಲರೂ ಬದಲಾದರು. ಅಡುಗೆ ಬಲ್ಲವರು ಊಟ ಕಟ್ಟಿದರು, ಬೈಕಿದ್ದವರು ಮಾತ್ರೆ ತಂದರು. ನಾನೂ ಬದಲಾವಣೆ ಮಾಡಿದೆ. ಅರ್ಜಿಯ ತಲೆಬರಹದಲ್ಲಿ ‘ರಸ್ತೆ ಮತ್ತು ಚರಂಡಿ’ ಎಂದಿದ್ದುದನ್ನು ಹೊಡೆದುಹಾಕಿ ‘ಕೋವಿಡ್’ ಎಂದು ಬರೆದೆ. ಕೆಳಗಿನ ಕಾಲಂಗಳನ್ನು ಮುಟ್ಟಲಿಲ್ಲ. ಅಷ್ಟು ಕಷ್ಟಪಟ್ಟು ಮಾಡಿದ ಅರ್ಜಿ, ಒಂದು ರೋಗ ಬಂತೆಂದು ಬದಲಾಯಿಸಲು ಮನಸ್ಸು ಬರಲಿಲ್ಲ.

ಎರಡನೇ ಅಲೆಯ ಹೊತ್ತಿಗೆ ದಾನಿಯೊಬ್ಬರು ಬಳಗಕ್ಕೆ ಒಂದು ಆಕ್ಸಿಜನ್ ಯಂತ್ರ ಕೊಟ್ಟರು. ಸಿಲಿಂಡರ್ ಬೇಕಿಲ್ಲ, ಕರೆಂಟಿಗೆ ಹಾಕಿದರೆ ಗಾಳಿಯಿಂದಲೇ ಆಮ್ಲಜನಕ ಹಿಡಿದು ಕೊಡುತ್ತದೆ. ಜೊತೆಗೆ ಮೂಗಿಗೆ ಹಾಕುವ ಪ್ಲಾಸ್ಟಿಕ್ ಕೊಳವೆಗಳ ಒಂದು ಪೊಟ್ಟಣ. ಸ್ಟೋರ್ಸ್ ಅನುಭವವಿದೆಯೆಂದು ಎಲ್ಲವನ್ನೂ ನನ್ನ ಮನೆಯಲ್ಲಿಟ್ಟರು. ಯಂತ್ರ ವಾಪಸ್ ಬರುವ ವಸ್ತು, ಕೊಳವೆ ಬಳಸಿ ಬಿಸಾಡುವ ವಸ್ತು. ಸ್ಟೋರ್ಸಿನ ಶಾಸ್ತ್ರದಲ್ಲಿ ಇವೆರಡನ್ನು ಒಂದೇ ಕಡೆ ಇಡುವುದು ಮಹಾಪರಾಧ! ಯಂತ್ರವನ್ನು ನಡುಮನೆಯಲ್ಲಿಟ್ಟೆ. ಕೊಳವೆಗಳನ್ನು ಬೆಡ್‌ರೂಮಿನ ಬೀರುವಿನಲ್ಲಿಟ್ಟು, ಅದಕ್ಕೆ ಬೇರೆಯೇ ಒಂದು ಪುಸ್ತಕ ತೆರೆದೆ.

ಆವತ್ತು ಮಧ್ಯಾಹ್ನ ಒಂದೂಮುಕ್ಕಾಲಿಗೆ ಶೈಲಜಾ ಮೇಡಂ ಫೋನು ಬಂತು.

“ಸಾರ್, ಅರ್ಜೆಂಟ್, ಬರ್ಕೊಳ್ಳಿ. ಶಿವಣ್ಣ ಅಂತ, ಲೇತ್ ಆಪರೇಟರ್. ಹೆಂಡ್ತಿ ಮಂಜುಳಾ ಫೋನ್ ಮಾಡಿದ್ರು. ಆಕ್ಸಿಜನ್ ಎಂಬತ್ತಾರಕ್ಕೆ ಇಳಿದಿದೆ, ಇನ್ನೂ ಇಳೀತಿದೆ. ಸಂಜೆ ಆರಕ್ಕೆ ಬೆಡ್ ಸಿಗುತ್ತಂತೆ. ಅಲ್ಲೀವರೆಗೆ ಮಿಷನ್ ಇಲ್ದೆ ತಡೆಯಲ್ಲ ಅಂತ ಡಾಕ್ಟ್ರು ಹೇಳಿದ್ದಾರೆ.”

“ಒಂದ್ನಿಮಿಷ ಮೇಡಂ, ಕಾಲಂ ಪ್ರಕಾರ ಹೋಗೋಣ. ಸಮಸ್ಯೆ ಎಷ್ಟು ದಿನದಿಂದ ಇದೆ?”

“ಐದು ದಿನದಿಂದ ಜ್ವರ.”

“ಸಮಸ್ಯೆಯ ಉದ್ದ, ಅಗಲ, ಆಳ?”

“ಸಾರ್!”

“ಅದು ಗುಂಡಿ ಕಾಲಂ, ಬಿಟ್ಬಿಡೋಣ. ಸಮಸ್ಯೆಗೆ ಕಾರಣರಾದವರು?”

“ಕೊರೋನಾಗೆ ಯಾರ ಹೆಸರು ಹೇಳ್ಲಿ ಸಾರ್? ಗೆರೆ ಎಳೀರಿ!”

ಸ್ಕೇಲು ಇಟ್ಟು ಗೆರೆ ಎಳೆದೆ. “ಹತ್ತಿರದ ಗುರುತು?”

“ಮೂರನೇ ಕ್ರಾಸು, ಕಸದ ರಾಶಿ ಎದುರು ಮನೆ. ಹಾಗಂದ್ರೆ ಯಾರಾದ್ರೂ ತೋರಿಸ್ತಾರಂತೆ. ಬೇಗ ಹೊರಡಿ ಸಾರ್, ಪ್ಲೀಸ್.”

ಫೋನ್ ನಂಬರ್ ಅವರೂ ಹೇಳಲಿಲ್ಲ, ನಾನೂ ಕೇಳಲಿಲ್ಲ. ಕಾಲಂ ಇರಲಿಲ್ಲವಲ್ಲ!

ಹೊರಡುವ ತಯಾರಿಯೇ ಒಂದು ಸಮಾರಂಭವಾಯಿತು. ಸೋಂಕು ತಗಲದಿರಲೆಂದು ಮೇ ತಿಂಗಳ ಬಿಸಿಲಲ್ಲಿ ಮಳೆಗಾಲದ ಕೋಟು ಹಾಕಿಕೊಂಡೆ. ಅದರ ಮೇಲೆ ಮುಖಕ್ಕೆ ಪ್ಲಾಸ್ಟಿಕ್ ಶೀಲ್ಡು. ಕೊರಳಿಗೆ ನಾನೇ ಮಾಡಿಸಿಕೊಂಡ ಗುರುತಿನ ಚೀಟಿ: ‘ಕೆ. ಸತ್ಯನಾರಾಯಣ, ಸಾಮಗ್ರಿ ಮತ್ತು ದಾಖಲಾತಿ ಮುಖ್ಯಸ್ಥರು.’ ಯಂತ್ರವನ್ನು ಸ್ಕೂಟರಿನ ಕಾಲಿಡುವ ಜಾಗದಲ್ಲಿಟ್ಟು, ಹಗ್ಗದಲ್ಲಿ ಏಳು ಸುತ್ತು ಬಿಗಿದು, ಮೂರು ಗಂಟು ಹಾಕಿದೆ.

ಸರೋಜಾ ಬಾಗಿಲಿಗೆ ಬಂದಳು. “ಯಾರ ಮನೆಗ್ರೀ?”

“ರೋಗಿಯ ವಿವರ ಗೋಪ್ಯ. ಬಹಿರಂಗಪಡಿಸುವಂತಿಲ್ಲ.”

“ಅಯ್ಯೋ, ಯಾವ ಬೀದಿ ಅಂತಾದ್ರೂ ಹೇಳ್ರೀ. ಇಪ್ಪತ್ತೆಂಟು ವರ್ಷದಿಂದ ಇಲ್ಲಿದ್ದೀನಿ. ದಾರಿ ಹೇಳ್ತೀನಿ.”

“ಸರೋಜಾ, ಇದು ಬಳಗದ ಕೆಲಸ. ಮನೆ ಹೆಂಗಸರ ಹತ್ತಿರ ಚರ್ಚೆ ಮಾಡೋ ವಿಷಯ ಅಲ್ಲ.”

“ಓಹೋ,” ಎಂದಳು. ಆ ಓಹೋ ಎಂಥದ್ದೆಂದು ಮೂವತ್ತು ವರ್ಷ ಸಂಸಾರ ಮಾಡಿದವನಿಗೆ ಅರ್ಥವಾಗಬೇಕಿತ್ತು. ನಾನು ಗಾಡಿ ಸ್ಟಾರ್ಟ್ ಮಾಡಿದೆ.

ಮೊದಲ ಅಡ್ಡಿ ಪೊಲೀಸ್ ಬ್ಯಾರಿಕೇಡು. ಅಲ್ಲಿದ್ದ ಕಾನ್‌ಸ್ಟೇಬಲ್ ಕೈ ಅಡ್ಡ ಹಿಡಿದವರು, ಯಂತ್ರ ನೋಡಿದ ಕೂಡಲೇ ಬ್ಯಾರಿಕೇಡನ್ನು ಪಕ್ಕಕ್ಕೆ ಎಳೆದರು. “ಆಕ್ಸಿಜನ್ನಾ? ಹೋಗಿ ಸಾರ್, ಹೋಗಿ!” ಯಾವ ತಕರಾರೂ ಇಲ್ಲ. ಆದರೆ ನಾನು ಹೋಗಬೇಕಲ್ಲ! ನನ್ನ ಅರ್ಜಿಯಲ್ಲಿ ‘ಮಾರ್ಗದಲ್ಲಿ ತಪಾಸಣೆ ಮಾಡಿದವರ ಸಹಿ’ ಎಂಬ ಕಾಲಂ ಇತ್ತು. ಗಾಡಿ ನಿಲ್ಲಿಸಿ, ಅರ್ಜಿ ತೆಗೆದು, ಪೆನ್ನು ಮುಂದೆ ಚಾಚಿದೆ.

“ಏನ್ ಸಾರ್ ಇದು?”

“ನೀವು ನನ್ನನ್ನು ತಪಾಸಣೆ ಮಾಡಿದ್ದಕ್ಕೆ ಒಂದು ಸಹಿ.”

“ನಾನೆಲ್ಲಿ ಮಾಡ್ದೆ? ಸುಮ್ನೆ ಬಿಟ್ಟೆ!”

“ಹಾಗಾದರೆ ದಯವಿಟ್ಟು ತಪಾಸಣೆ ಮಾಡಿ.”

ಅವರು ನನ್ನನ್ನು ಅಡಿಯಿಂದ ಮುಡಿಯವರೆಗೆ ನೋಡಿದರು. “ಸಾರ್, ಅಲ್ಲಿ ಯಾರೋ ಉಸಿರಿಗೆ ಒದ್ದಾಡ್ತಿದ್ದಾರೆ, ನೀವಿಲ್ಲಿ ಸೈನ್ ಕೇಳ್ತಾ ನಿಂತಿದ್ದೀರಾ? ಹೋಗ್ರೀ ಮೊದ್ಲು!” ಎಂದು ಗದರಿದರು. ಆ ಗದರಿಕೆಯಿಂದ ನಾನು ಎಚ್ಚರಗೊಳ್ಳಬೇಕಿತ್ತು. ನಾನೋ, ಕಾಲಂ ಖಾಲಿ ಉಳಿಯಿತಲ್ಲ ಎಂದು ಕೊರಗುತ್ತಾ ಮುಂದೆ ಹೋದೆ.

ರಾಜಗೋಪಾಲನಗರದ ಕಡೆ ಮೂರನೇ ಕ್ರಾಸ್ ಒಂದೇ ಅಲ್ಲ. ಹಳೇ ಊರಿನ ಒಬ್ಬೊಬ್ಬ ಗೌಡರೂ ತಮ್ಮ ತಮ್ಮ ಹೊಲವನ್ನು ಸೈಟು ಮಾಡುವಾಗ ಒಂದನೇ ಕ್ರಾಸಿನಿಂದಲೇ ಎಣಿಸಲು ಶುರುಮಾಡಿದ್ದಾರೆ. ಹೀಗಾಗಿ ನನಗೆ ತಿಳಿದಂತೆ ನಾಲ್ಕು ಮೂರನೇ ಕ್ರಾಸುಗಳಿವೆ. ಮೊದಲನೆಯದರಲ್ಲಿ ಕಸದ ರಾಶಿ ಇರಲಿಲ್ಲ. ಎರಡನೆಯದು ಸೀಲ್‌ಡೌನ್ ಆಗಿತ್ತು, ಮರದ ಕಂಬಗಳನ್ನು ಅಡ್ಡ ಕಟ್ಟಿದ್ದರು. ಸುತ್ತು ಹಾಕಿ ಮೂರನೆಯದಕ್ಕೆ ಬರುವಷ್ಟರಲ್ಲಿ ಕೋಟಿನೊಳಗೆ ಬೆವರು ಸುರಿದು ಮಳೆಗಾಲವೇ ಶುರುವಾಗಿತ್ತು. ಗಂಟೆ ಎರಡೂವರೆ ದಾಟಿತ್ತು.

ಅಲ್ಲಿ ಮುನಿಯಪ್ಪನವರು ಗೇಟಿನ ಒಳಗೆ ಕುರ್ಚಿ ಹಾಕಿಕೊಂಡು ಕೂತಿದ್ದರು. ಅವರ ರಾಗಿ ಹೊಲ ಇದ್ದ ಕಡೆ ಈಗ ಅವರದೇ ನಾಲ್ಕು ಅಂತಸ್ತಿನ ಬಾಡಿಗೆ ಮನೆಗಳಿವೆ. ನನ್ನನ್ನು ಕಂಡವರೇ ಗಾಬರಿಯಿಂದ ಎದ್ದರು.

“ಯಾರ್ನೂ ಕರ್ಕೊಂಡೋಗ್ಬ್ಯಾಡಿ ಸಾಮಿ, ನಮ್ ವಠಾರದಾಗೆ ಯಾರ್ಗೂ ಏನೂ ಇಲ್ಲ!”

ಶೀಲ್ಡು ಎತ್ತಿ ಮುಖ ತೋರಿಸಿದೆ.

“ಅಯ್ಯೋ, ಬಳಗದ ಸತ್ಯಣ್ಣೋರಾ? ಇಂಗ್ಯಾಕೆ ವೇಸ ಆಕ್ಕೊಂಡಿದ್ದೀರಾ?”

“ಮುನಿಯಪ್ಪನೋರೇ, ಕಸದ ರಾಶಿ ಎಲ್ಲಿದೆ ಹೇಳಿ, ಬೇಗ.”

“ಯಾವ್ದು ಅಂತ ಯೋಳ್ಲಿ? ಗಾಡಿ ಬರ್ದೆ ಅದಿನೈದು ದಿನ ಆತು. ದೊಡ್ದು ಬೇಕಾ, ಸಣ್ದು ಬೇಕಾ?”

“ದೊಡ್ಡದೇ ಇರಬೇಕು.”

“ಅಂಗಾದ್ರೆ ಮೋರಿ ಪಕ್ಕದ್ದು,” ಎಂದು ಕೈ ತೋರಿಸಿದರು.

ಮೋರಿ ಪಕ್ಕದ ರಾಶಿ ನಿಜಕ್ಕೂ ದೊಡ್ಡದಾಗಿತ್ತು. ಎದುರಿಗೆ ಮೂರು ಮನೆ. ಮೊದಲ ಮನೆಯ ಬಾಗಿಲು ಬಡಿದು, “ಆಕ್ಸಿಜನ್ ಬಂದಿದೆ! ರೋಗಿ ಯಾರು?” ಎಂದು ಕೂಗಿದೆ. ಮೂರೂ ಮನೆಗಳ ಕಿಟಕಿಗಳು ಒಟ್ಟಿಗೇ ಮುಚ್ಚಿಕೊಂಡವು. ಎರಡನೇ ಮನೆಯೊಳಗಿಂದ ಅಜ್ಜಿಯೊಬ್ಬರು, “ಇಲ್ಲಿ ಯಾರೂ ಕೆಮ್ಮಿಲ್ಲ, ಹೋಗಪ್ಪಾ!” ಎಂದರು. ಹೇಳುವಾಗಲೇ ಕೆಮ್ಮಿದರು. ಅದನ್ನು ಮುಚ್ಚಿಕೊಳ್ಳಲು ಜೋರಾಗಿ ಭಜನೆ ಶುರುಮಾಡಿದರು. ಶಿವಣ್ಣ, ಮಂಜುಳಾ ಎಂದೆಲ್ಲ ಕೇಳಿದೆ. ಗೋಪ್ಯತೆ ಅಷ್ಟು ಹೊತ್ತಿಗೆ ಮೋರಿ ಪಾಲಾಗಿತ್ತು. ಯಾರಿಗೂ ಗೊತ್ತಿರಲಿಲ್ಲ.

ಮೂರನೇ ಮನೆಯ ತಾರಸಿಯಿಂದ ಒಬ್ಬರು ಬಗ್ಗಿ ನೋಡಿದರು. “ಸಾರ್, ಬೀದಿ ಬಳಗದೋರು ತಾನೆ? ಒಳ್ಳೇದಾಯ್ತು ಬಂದಿದ್ದು. ಈ ರಾಶಿದು ಒಂದು ಫೋಟೋ ತಗೊಳ್ಳಿ!”

ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಕೈ ತಾನಾಗಿಯೇ ಜೇಬಿಗೆ ಹೋಯಿತು. ಫೋಟೋ ತೆಗೆದೆ! ಒಂದಲ್ಲ, ಎರಡು ಕೋನದಿಂದ. ಎರಡನೆಯದು ಸ್ಪಷ್ಟವಾಗಿ ಬಂದಿದೆಯೇ ಎಂದು ಪರದೆಯ ಮೇಲೆ ಬೆರಳಿಟ್ಟು ದೊಡ್ಡದು ಮಾಡಿ ನೋಡುತ್ತಿದ್ದಾಗ ಮೂಲೆಯಲ್ಲಿ ಗಂಟೆ ಕಾಣಿಸಿತು. ಎರಡು ನಲವತ್ತೆಂಟು. ಎಂಬತ್ತಾರು ಎಂದು ಬರೆದುಕೊಂಡು ಒಂದು ಗಂಟೆಯಾಗಿತ್ತು. ಈಗ ಅದು ಎಷ್ಟಾಗಿರಬಹುದು? ದೂರದಲ್ಲೆಲ್ಲೋ ಆಂಬುಲೆನ್ಸ್ ಕೂಗುತ್ತಾ ಹೋಯಿತು. ಮೊಟ್ಟಮೊದಲ ಬಾರಿಗೆ ನನಗೆ ನಿಜವಾದ ಭಯವಾಯಿತು. ಆ ಮನುಷ್ಯ ಯಾವುದೋ ಬಾಗಿಲ ಹಿಂದೆ ಉಸಿರಿಗೆ ಬಾಯಿ ಬಿಡುತ್ತಿದ್ದಾನೆ, ಅವನ ಉಸಿರು ನನ್ನ ಕಾಲ ಬುಡದಲ್ಲಿ ಹಗ್ಗ ಕಟ್ಟಿಸಿಕೊಂಡು ಕೂತಿದೆ ಎನಿಸಿತು.

ಶೈಲಜಾ ಮೇಡಂಗೆ ಫೋನು ಮಾಡಿದೆ.

“ಮೇಡಂ, ಮಂಜುಳಾ ಅವರ ನಂಬರ್ ಕೊಡಿ.”

“ಅಯ್ಯೋ, ಅರ್ಜೀಲಿ ಇಲ್ವಾ ಸಾರ್?”

“ಆ ಕಾಲಂ ತೆಗೆಸಿದ್ದೀವಿ ಮೇಡಂ.”

“ತೆಗೆಸಿದ್ದೀವಾ?”

“ತೆಗೆಸಿದ್ದೀನಿ.”

“ಬೆಳಗ್ಗೆಯಿಂದ ಅರವತ್ತು ಕಾಲ್ ಬಂದಿದೆ ಸಾರ್, ಯಾವುದು ಅವರದು ಅಂತ ಗೊತ್ತಿಲ್ಲ. ಒಂದೊಂದಾಗಿ ಮಾಡ್ತಾ ಬರ್ತೀನಿ. ಅಥವಾ ಅವರೇ ಮಾಡಬಹುದು. ನೀವು ಮಧ್ಯೆ ಫೋನ್ ಮಾಡ್ಬೇಡಿ.”

ಮಾಡುವುದಿಲ್ಲ ಎಂದು ಮಾತು ಕೊಟ್ಟೆ. ಎರಡು ನಿಮಿಷ ಬಿಟ್ಟು ಸಿಕ್ಕಿತೇ ಎಂದು ಕೇಳಲು ಮಾಡಿದೆ. ಇನ್ನೆರಡು ನಿಮಿಷಕ್ಕೆ ಮತ್ತೆ ಮಾಡಿದೆ. ಆಮೇಲೆ ತಿಳಿಯಿತು, ಅದೇ ಹೊತ್ತಿನಲ್ಲಿ ಮಂಜುಳಾ ಕೂಡ ಮೇಡಂಗೆ ಪ್ರಯತ್ನಿಸುತ್ತಲೇ ಇದ್ದಳಂತೆ. ಪ್ರತಿ ಸಲವೂ ಲೈನು ಬಿಜಿ. ಬಿಜಿ ಮಾಡಿದ್ದು ನಾನು!

ಮುನಿಯಪ್ಪನವರ ಗೇಟಿಗೆ ಮತ್ತೆ ಬಂದೆ.

“ಅದಲ್ಲ ಮುನಿಯಪ್ಪನೋರೇ, ಬೇರೆ ರಾಶಿ ಇರಬೇಕು. ಯೋಚನೆ ಮಾಡಿ.”

ಅವರು ತಲೆ ಕೆರೆದುಕೊಂಡರು. “ಬರೀ ಕಸದ ರಾಶಿ ಅಂತ ಅಂದ್ರೆ ಲೇತ್ ಸೆಡ್ ಇಂದಿನ ಬೀದಿ ತಾನೆ ಸಾಮಿ? ಅದೇ ನೋಡಿ, ಮುಂದಿನ್ ಮೂರ್ನೇ ಕ್ರಾಸು...”

ನನಗೆ ಸಿಟ್ಟೇ ಬಂತು. “ಏನು ಹೇಳ್ತಿದ್ದೀರಾ? ಆ ರಾಶಿ ತೆಗೆದು ಎರಡು ವರ್ಷ ಆಯ್ತು! ತೆಗೆಸಿದವನು ನಾನು! ರಿಜಿಸ್ಟರ್‌ನಲ್ಲಿ ಮುಗಿಯಿತು ಅಂತ ಮೊಹರು ಬಿದ್ದಿದೆ!”

“ಮೊಹರು ಬಿದ್ದೈತೆ ಸರಿ ಸಾಮಿ, ಆದ್ರೂವೆ ಜನ...”

ಪೂರ್ತಿ ಕೇಳುವ ತಾಳ್ಮೆ ಯಾರಿಗಿತ್ತು? ಗಾಡಿ ತಿರುಗಿಸಿದೆ. ನನ್ನ ರಿಜಿಸ್ಟರಿನಲ್ಲಿ ಮುಗಿದದ್ದು ನನ್ನ ಪಾಲಿಗೆ ಭೂಮಿಯ ಮೇಲೂ ಮುಗಿದಿತ್ತು. ಇಲ್ಲದ ರಾಶಿಯ ಎದುರು ಮನೆಯಿರುವುದು ಹೇಗೆ ಸಾಧ್ಯ?

ಸುತ್ತಿದೆ. ಇದ್ದ ಬದ್ದ ಎಲ್ಲ ಕಸದ ರಾಶಿಗಳನ್ನೂ ಸಂದರ್ಶಿಸಿದೆ. ಶಾಲೆಯ ಹಿಂದಿನದು, ಟ್ರಾನ್ಸ್‌ಫಾರ್ಮರ್ ಕೆಳಗಿನದು, ಮುಚ್ಚಿದ ಬೇಕರಿ ಪಕ್ಕದ್ದು. ಎಲ್ಲಿಯೂ ಶಿವಣ್ಣನಿರಲಿಲ್ಲ. ಪ್ರತಿ ಸುತ್ತಿನ ಕೊನೆಗೂ ಬಿಸಿಲು ತಡೆಯಲಾರದೆ ಒಂದೇ ಕಡೆ ನಿಲ್ಲುತ್ತಿದ್ದೆ. ಆ ಬೀದಿಗಳಲ್ಲಿ ನೆರಳು ಮತ್ತು ಕೂರಲು ಜಾಗ ಎರಡೂ ಇದ್ದದ್ದು ಅಲ್ಲಿ ಮಾತ್ರ. ನವಿಲಿನ ಗೋಡೆಯ ಕೆಳಗೆ, ನಾನೇ ಹಾಕಿಸಿದ ಕಲ್ಲುಬೆಂಚು! ಮೊದಲ ಸಲ ಕೂತು ನೀರು ಕುಡಿದೆ. ಎರಡನೇ ಸಲ ಶೀಲ್ಡು ಒರೆಸಿಕೊಂಡೆ. ಎಷ್ಟು ಸ್ವಚ್ಛವಾಗಿದೆ ಈ ಜಾಗ, ಎಲ್ಲ ಕಡೆಯೂ ಹೀಗೇ ಇರಬಾರದೇ ಎಂದು ಅಂಥ ಸಂಕಟದಲ್ಲೂ ಒಂದು ಗಳಿಗೆ ಹೆಮ್ಮೆಪಟ್ಟೆ.

ಮೂರನೇ ಸಲ ಕೂತಾಗ ಗಂಟೆ ಮೂರೂಮುಕ್ಕಾಲು. ಮೇಡಂಗೆ ಫೋನು ಮಾಡಿದೆ. “ಸಾರ್, ದಯವಿಟ್ಟು ಫೋನ್ ಇಡಿ!” ಎನ್ನುವಾಗ ಅವರು ಇನ್ನೇನು ಅತ್ತೇಬಿಡುವಂತಿದ್ದರು. ನನ್ನ ಕಣ್ಣೂ ತುಂಬಿತು. ಮೂವತ್ತೆರಡು ವರ್ಷದಲ್ಲಿ ಒಂದು ನಟ್ಟು ಕಳೆದವನಲ್ಲ, ಇವತ್ತು ಒಬ್ಬ ಮನುಷ್ಯನನ್ನೇ ಕಳೆದುಬಿಟ್ಟೆನಲ್ಲ ಎಂದು ತಲೆ ಮೇಲೆ ಕೈಹೊತ್ತು ಕೂತೆ.

“ರೀ!”

ಆ ದನಿ ಎಲ್ಲಿದ್ದರೂ ಗುರುತು ಹಿಡಿಯುತ್ತೇನೆ.

“ರೀ! ಬೆಂಚ್ ಮೇಲೆ ಕೂತ್ಕೊಂಡು ಏನ್ ಮಾಡ್ತಿದ್ದೀರಾ? ಬೇಗ ತನ್ನಿ!”

ತಲೆ ಎತ್ತಿದೆ. ನೇರ ಎದುರಿಗೆ, ಹದಿನೈದು ಅಡಿ ದೂರದಲ್ಲಿ, ಶೀಟಿನ ಮನೆಯ ಬಾಗಿಲಲ್ಲಿ ಸರೋಜಾ ನಿಂತಿದ್ದಳು! ಎರಡು ಮಾಸ್ಕು ಹಾಕಿದ್ದಳು. ಕೈಯಲ್ಲಿ ಪ್ಲಾಸ್ಟಿಕ್ ಕೊಳವೆಯ ಪೊಟ್ಟಣ ಹಿಡಿದಿದ್ದಳು.

ಕೊಳವೆ! ಬೀರುವಿನಲ್ಲಿದ್ದ ಕೊಳವೆ! ನಾನು ಯಂತ್ರವನ್ನಷ್ಟೇ ತಂದಿದ್ದೆ. ಕೊಳವೆಯಿಲ್ಲದ ಆ ಯಂತ್ರದಿಂದ ರೋಗಿಗೆ ಆಗುವ ಉಪಯೋಗ, ಪಕ್ಕದಲ್ಲಿ ಒಂದು ಮಿಕ್ಸಿ ಇಟ್ಟರೆ ಆಗುವಷ್ಟೇ.

“ನೀನಿಲ್ಲಿಗೆ ಹೇಗೆ ಬಂದೆ?”

“ನೀವು ಹೋದ್ಮೇಲೆ ಬೀರು ತೆಗೆದ್ರೆ ಇದು ಅಲ್ಲೇ ಇತ್ತು. ಫೋನ್ ಮಾಡಿದ್ರೆ ನಿಮ್ದೂ ಎಂಗೇಜು, ಮೇಡಂದೂ ಎಂಗೇಜು. ಅರ್ಜಿ ಹಳದಿ ಪ್ರತಿ ಟೇಬಲ್ ಮೇಲೆ ಬಿಟ್ಟಿದ್ರಲ್ಲ, ಮಂಜುಳಾ, ಕಸದ ರಾಶಿ ಎದುರು ಅಂತ ಬರೆದಿತ್ತು. ನನ್ನ ರವಿಕೆ ಹೊಲಿಯೋ ಮಂಜುಳಾ ಕಣ್ರೀ! ಬೀದಿ ಹೆಂಗಸರೆಲ್ಲ ಅವಳನ್ನ ಕಸದ ರಾಶಿ ಮಂಜುಳಾ ಅಂತಾನೇ ಕರೆಯೋದು. ಸಂದಿ ದಾರೀಲಿ ನಡ್ಕೊಂಡು ಬಂದೆ. ನಾನು ಬಂದು ಅರ್ಧ ಗಂಟೆ ಆಯ್ತು, ಇಲ್ಲಿಂದ ಮಾಡಿದ್ರೂ ನಿಮ್ದು ಎಂಗೇಜು, ಮಿಷನ್ ಎಲ್ಲಿ?”

ಅರ್ಧ ಗಂಟೆಯಿಂದ ಒಳಗೆ ಕೊಳವೆ ಯಂತ್ರಕ್ಕಾಗಿ ಕಾಯುತ್ತಿತ್ತು. ಹೊರಗೆ ಯಂತ್ರ ನವಿಲಿನ ನೆರಳಲ್ಲಿ ವಿಶ್ರಾಂತಿ ತೆಗೆದುಕೊಳ್ಳುತ್ತಿತ್ತು!

ಗಾಡಿಯನ್ನು ಬಾಗಿಲಿಗೆ ತಳ್ಳಿದೆವು. ಹಗ್ಗ ಬಿಚ್ಚಲು ಹೋದರೆ ನನ್ನ ಗಂಟುಗಳು ಬಿಚ್ಚುತ್ತಿಲ್ಲ. ಒಂದು ಗಂಟನ್ನು ಎಳೆದೆ, ಇನ್ನೆರಡು ಬಿಗಿದುಕೊಂಡವು. ಒಳಗಿನಿಂದ ಓಡಿ ಬಂದ ಮಂಜುಳಾ ಬಟ್ಟೆ ಕತ್ತರಿಸುವ ದೊಡ್ಡ ಕತ್ತರಿಯಿಂದ ಏಳೂ ಸುತ್ತನ್ನು ಕಚಕ್ಕನೆ ಕತ್ತರಿಸಿದಳು.

ಒಳಗೆ ಗೋಡೆಗೆ ದಿಂಬು ಕೊಟ್ಟು ಶಿವಣ್ಣನನ್ನು ಕೂರಿಸಿದ್ದರು. ನಲವತ್ತರ ಆಸುಪಾಸಿನ ಗಟ್ಟಿ ಆಳು. ತುಟಿ ಬಣ್ಣಗೆಟ್ಟಿತ್ತು. ನನ್ನನ್ನು ನೋಡಿ ಮಾತಾಡಲು ಯತ್ನಿಸಿದ. “ಸಾರ್...” ಎಂದು ನಿಂತ. ಮೂರು ಸಲ ಉಸಿರೆಳೆದುಕೊಂಡ. “...ಬಂದ್ರಾ” ಎಂದ. ಎರಡು ಪದಕ್ಕೆ ಅಷ್ಟು ಕಷ್ಟ! ಬೆರಳಿಗೆ ಸಿಕ್ಕಿಸಿದ್ದ ಪುಟ್ಟ ಯಂತ್ರದಲ್ಲಿ ಎಂಬತ್ತು ಎಂದಿತ್ತು.

ಪ್ಲಗ್ ಹಾಕಿದೆವು. ಸರೋಜಾ ಕೊಳವೆ ಜೋಡಿಸಿ ಮೂಗಿಗೆ ಸಿಕ್ಕಿಸಿದಳು. ಯಂತ್ರ ಗುರ್ ಎಂದಿತು. ನಾಲ್ಕು ಜನರ ಕಣ್ಣೂ ಆ ಬೆರಳಿನ ಮೇಲೆ. ಎಂಬತ್ತು. ಎಂಬತ್ತು. ಎಪ್ಪತ್ತೊಂಬತ್ತು. ಮಂಜುಳಾ ಸೆರಗಿನಿಂದ ಬಾಯಿ ಮುಚ್ಚಿಕೊಂಡಳು. ದೇವರೇ, ಇದೊಂದು ಸಲ ಏರಿಸು, ಆ ಅರ್ಜಿಯನ್ನು ನಾನೇ ಸುಟ್ಟು ಹಾಕುತ್ತೇನೆ ಎಂದು ಮನಸ್ಸಿನಲ್ಲೇ ಹರಕೆ ಹೊತ್ತೆ. ಎಂಬತ್ತೆರಡು. ಎಂಬತ್ತೈದು. ಹತ್ತು ನಿಮಿಷಕ್ಕೆ ತೊಂಬತ್ತೊಂದು! ಮಂಜುಳಾ ಅತ್ತಳು. ಸರೋಜಾ ಅತ್ತಳು. ನಾನೂ ಅತ್ತೆ, ಆದರೆ ಶೀಲ್ಡಿನ ಒಳಗೆ ಕಣ್ಣೊರೆಸಿಕೊಳ್ಳಲು ಆಗಲಿಲ್ಲ.

ಅಷ್ಟಾದ ಮೇಲೂ ಬುದ್ಧಿ ಬಂತೇ? ಗುಲಾಬಿ ಪ್ರತಿ ತೆಗೆದು, “ಇಲ್ಲೊಂದು ಸಹಿ...” ಎಂದೆ. ಸರೋಜಾ ಅದನ್ನು ನನ್ನ ಕೈಯಿಂದ ಕಿತ್ತು, ಮಡಿಸಿ, ಅಲುಗಾಡುತ್ತಿದ್ದ ಯಂತ್ರದ ಒಂದು ಕಾಲಿನ ಕೆಳಗೆ ಇಟ್ಟಳು. ಯಂತ್ರ ಅಲುಗಾಡುವುದು ನಿಂತಿತು. ಆ ಅರ್ಜಿಯಿಂದ ಯಾರಿಗಾದರೂ ಆದ ಮೊದಲ ಉಪಕಾರ ಅದೇ ಇರಬೇಕು.

ಆರು ಗಂಟೆಗೆ ಆಸ್ಪತ್ರೆಯ ಹಾಸಿಗೆ ಸಿಕ್ಕಿತು. ಹದಿನಾರು ದಿನ ಬಿಟ್ಟು ಶಿವಣ್ಣ ಮನೆಗೆ ಬಂದ.

ಮುಂದಿನ ಸಭೆಯಲ್ಲಿ ಬಳಗ ನನ್ನ ಅರ್ಜಿಯನ್ನು ಕೈಗೆತ್ತಿಕೊಂಡಿತು. ಫೋನ್ ನಂಬರಿನ ಕಾಲಂ ಎಲ್ಲಕ್ಕಿಂತ ಮೇಲೆ ಬಂತು. ಉದ್ದ, ಅಗಲ, ಆಳ ಹೋಯಿತು. ಸಹಿಗಳು ಹೋದವು. ಯಂತ್ರ ಮತ್ತು ಕೊಳವೆ ಒಂದೇ ಚೀಲದಲ್ಲಿರಬೇಕು, ಆ ಚೀಲ ಸರೋಜಾ ಅವರ ವಶದಲ್ಲಿರಬೇಕು ಎಂದು ತೀರ್ಮಾನವಾಯಿತು. ‘ಸಮಸ್ಯೆಗೆ ಕಾರಣರಾದವರು’ ಎಂಬ ಕಾಲಂಗೂ ಗೆರೆ ಎಳೆಯಲು ಹೊರಟಾಗ ನಾನು ಕೈಮುಗಿದೆ. “ಮೇಡಂ, ಅದೊಂದಾದ್ರೂ ಇರಲಿ. ಮೂರು ಪ್ರತಿ ಕೂಡ ಇರಲಿ.” ಪಾಪ ಎನ್ನಿಸಿತೇನೋ, ಬಿಟ್ಟರು.

ಆ ಕನಿಕರದಿಂದ ಉತ್ಸಾಹ ಬಂದು ಒಂದು ಸಲಹೆ ಕೊಟ್ಟೆ. ಇನ್ನು ಮುಂದೆ ಯಾರೂ ನನ್ನಂತೆ ದಾರಿ ತಪ್ಪಬಾರದು. ಊರಿಗೆಲ್ಲ ಗೊತ್ತಿರುವ ಗುರುತನ್ನು ಆ ಗೋಡೆಯ ಮೇಲೆಯೇ ಬರೆಯೋಣ! ಎಲ್ಲರೂ ಸುಸ್ತಾಗಿದ್ದರು, ಬೇಡವೆನ್ನಲು ಯಾರಿಗೂ ತ್ರಾಣವಿರಲಿಲ್ಲ. ಮರುದಿನ ನಾನೇ ಹೋಗಿ ನವಿಲಿನ ಕೆಳಗೆ ಅರ್ಧ ಅಡಿ ಎತ್ತರದ ಹಳದಿ ಅಕ್ಷರಗಳಲ್ಲಿ, ಬಾಣದ ಗುರುತಿನ ಸಮೇತ ಬರೆದುಬಂದೆ: ‘ಕಸದ ರಾಶಿ.’

“ಹಳೇದು ಅಂತ ಸೇರಿಸಿದ್ರಾ?” ಎಂದು ಸರೋಜಾ ಕೇಳಿದಳು.

“ಜಾಗ ಸಾಲಲಿಲ್ಲ. ಎಲ್ಲರಿಗೂ ಗೊತ್ತಿರೋದೇ ತಾನೆ?”

“ಓಹೋ,” ಎಂದಳು.

ಎಂಟನೇ ದಿನ ಬೆಳಗ್ಗೆ ಫೋನು ಬಂತು. ಎತ್ತಿ ಹಲೋ ಎನ್ನುವಷ್ಟರಲ್ಲಿ ಆ ಕಡೆಯಿಂದ ಶುರುವಾಯಿತು.

“ಏನ್ ಸಾರ್ ಇದು ನಮ್ಮನೆ ಮುಂದೆ ಯಾರ್ ಯಾರೋ ಎಲ್ಲೆಲ್ಲಿಂದಾನೋ ಕಸ ತಂದು ಸುರೀತಿದ್ದಾರೆ ಕೇಳಿದ್ರೆ ಗೋಡೆ ತೋರಿಸಿ ಇಲ್ಲೇ ಹಾಕಿ ಅಂತ ಬಳಗದೋರೇ ಬಾಣ ಹಾಕಿ ಬರೆಸಿದ್ದಾರಲ್ಲ ಅಂತಾರೆ ಬೆಂಚು ಮುಚ್ಚೋಯ್ತು ನವಿಲಿನ ಕಾಲು ಮುಚ್ಚೋಯ್ತು ಎರಡು ವರ್ಷ ಕ್ಲೀನಾಗಿತ್ತಲ್ಲ ಸಾರ್ ಯಾವನ್ ಸಾರ್ ಅವನು ಹಿಂಗೆ ಬರೆದೋನು ಅವನಿಗೇನ್ ತಲೆ ಕೆಟ್ಟಿತ್ತಾ?”

ಶಿವಣ್ಣ! ಇಷ್ಟುದ್ದ ಬೈಗುಳ, ಒಂದೇ ಉಸಿರಿನಲ್ಲಿ! ನಡುವೆ ಎಲ್ಲಿಯೂ ನಿಲ್ಲಲಿಲ್ಲ, ಏದುಸಿರು ಬಿಡಲಿಲ್ಲ. “ಇನ್ನೊಂದ್ಸಲ ಹೇಳಪ್ಪಾ,” ಎಂದೆ. ಅವನು ಇನ್ನೊಂದು ಸಲ, ಮೊದಲಿಗಿಂತ ಜೋರಾಗಿ, ಇನ್ನೂ ನಾಲ್ಕು ಮಾತು ಸೇರಿಸಿ ಬೈದ. ಅಷ್ಟನ್ನೂ ಕಿವಿಗೊಟ್ಟು ಕೇಳಿದೆ. ಬದುಕಿನಲ್ಲಿ ಯಾರ ಬೈಗುಳವೂ ನನಗೆ ಅಷ್ಟು ಸಮಾಧಾನ ಕೊಟ್ಟಿರಲಿಲ್ಲ.

ಆಮೇಲೆ ಹೊಸ ಅರ್ಜಿ ತೆಗೆದು ಕಾರ್ಬನ್ ಇಟ್ಟೆ. ಮೊದಲು ಅವನ ಫೋನ್ ನಂಬರ್ ಬರೆದೆ. ಸಮಸ್ಯೆ, ಕಸದ ರಾಶಿ. ಹತ್ತಿರದ ಗುರುತು, ಕಸದ ರಾಶಿ. ಅದರ ಕೆಳಗೆ, ಹಟ ಮಾಡಿ ಉಳಿಸಿಕೊಂಡಿದ್ದ ಆ ಗಂಭೀರವಾದ ಕಾಲಂ ಖಾಲಿ ಇತ್ತು. ಸರೋಜಾ ಹೆಗಲ ಹಿಂದೆ ಬಂದು ನಿಂತಳು. ಈ ಸಲ ಓಹೋ ಎನ್ನಲೂ ಇಲ್ಲ.

‘ಕೆ. ಸತ್ಯನಾರಾಯಣ’ ಎಂದು ಬರೆದೆ. ಮೂರೂ ಪ್ರತಿಯಲ್ಲಿ ಸ್ಪಷ್ಟವಾಗಿ ಮೂಡಲೆಂದು ಒತ್ತಿ ಬರೆದೆ.